ಬೇರಿನೊಳಗಿನ ಹನ್ನೆರಡು ತಾಸು

2023ರ ಜುಲೈ ನೆನಪಿದೆ ಅಲ್ವಾ? ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಕೂತಿತ್ತು. ಅಂಕೋಲೆ ಪೇಟೆಯಲ್ಲಿ ನಾಲ್ಕೇ ನಾಲ್ಕು ಹಣ್ಣು ಎಣಿಸಿ ಕೊಳ್ಳುವವರಿದ್ದರು. ನಮ್ಮನೆ ಸಾರಿಗೆ ವಾಟೆಹುಳಿ, ಬಿಂಬಲ, ಮುರುಗಲ ಸಿಪ್ಪೆ ಸರದಿಯ ಮೇಲೆ ಬಿದ್ದವು. ಕರಾವಳಿಗೆ ಟೊಮೆಟೊ ಬರುವುದು ಹೆಚ್ಚಾಗಿ ಘಟ್ಟದ ಮೇಲಿಂದ. ಲಾರಿ ಇಳಿಯದಿದ್ದರೆ ಸಂತೆ ಖಾಲಿ. ಆ ಸಿಟ್ಟಿಗೆ ನಮ್ಮ ಕಡೆ ಎಷ್ಟೋ ಜನ ಮಳೆ ಬಿಟ್ಟ ಮೇಲೆ ಟೊಮೆಟೊ ನೆಟ್ಟರು. ನಾನೂ ನೆಟ್ಟೆ. ಮನೆ ಹಿಂದಿನ ಮರಳು ನೆಲದಲ್ಲಿ ಅರವತ್ತು ಸಸಿ.

ಡಿಸೆಂಬರ್ ಹೊತ್ತಿಗೆ ಗಿಡಗಳು ಏನೋ ಒಂದು ತರ ಆಡತೊಡಗಿದವು. ಮಧ್ಯಾಹ್ನ ಎಲೆ ಜೋತು ಬೀಳುತ್ತಿತ್ತು. ಸಂಜೆ ತಂಪಾದ ಮೇಲೆ ಏನೂ ಆಗಿಲ್ಲ ಎನ್ನುವ ಹಾಗೆ ಎದ್ದು ನಿಲ್ಲುತ್ತಿತ್ತು. ನೀರು ಸಾಲುತ್ತಿಲ್ಲ ಅಂದುಕೊಂಡು ದಿನಕ್ಕೆ ಎರಡು ಸಲ ಹೊಯ್ದೆ. ಗೊಬ್ಬರ ಹಾಕಿದೆ. ಪಕ್ಕದ ಮನೆಯ ಹಾಲಕ್ಕಿ ಸಮುದಾಯದ ಅಜ್ಜಿ ಬೇಲಿಯಾಚೆಯಿಂದ ಎರಡು ದಿನ ಸುಮ್ನೆ ನೋಡಿದಳು. ಮೂರನೇ ದಿನ, "ನೀರು ಹೊಯ್ದು ಏನಾಗ್ತದೆ, ಒಂದು ಕಿತ್ತು ನೋಡು" ಅಂದಳು.

ಕಿತ್ತೆ. ಬೇರು ಬೇರಿನ ಹಾಗಿರಲಿಲ್ಲ. ಹಸಿ ಶುಂಠಿಯನ್ನು ಸಣ್ಣದು ಮಾಡಿ ಪೋಣಿಸಿದಂತಿತ್ತು. ಉದ್ದಕ್ಕೂ ಗಂಟು, ಗಂಟಿನ ಮೇಲೆ ಗಂಟು. ನೀರು ಹೀರುವ ಸಣ್ಣ ಬೇರುಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಒಂದು ಗಂಟನ್ನು ಉಗುರಿನಲ್ಲಿ ಸೀಳಿ ಭೂತಗನ್ನಡಿ ಹಿಡಿದೆ. ಒಳಗೆ ಬಿಳಿ ಮುತ್ತಿನಂಥ ಚುಕ್ಕೆಗಳು. ಸಾಬುದಾನಿಗಿಂತ ಎಷ್ಟೋ ಸಣ್ಣವು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಚೂಪು. ಅವು ಹೆಣ್ಣು ಹುಳುಗಳು.

ಇದು ಬೇರುಗಂಟು ಜಂತುಹುಳು. ವಿಜ್ಞಾನಿಗಳು ಮೆಲೊಯ್ಡೋಗೈನ್ ಎನ್ನುತ್ತಾರೆ. ಇಂಗ್ಲೆಂಡಿನ ಗಾಜಿನಮನೆಯಲ್ಲಿ ಬೆಳೆದ ಸೌತೆಯ ಬೇರಿನಲ್ಲಿ ಇದನ್ನು 1855ರಲ್ಲಿ ಮೊದಲು ವರದಿ ಮಾಡಿದರು. ದಕ್ಷಿಣ ಭಾರತದ ಚಹಾ ತೋಟದಲ್ಲಿ 1901ರಲ್ಲಿ ಕಂಡಿತು. ಎರಡು ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳು ಇದಕ್ಕೆ ಊಟ. ಟೊಮೆಟೊ, ಬದನೆ, ಬೆಂಡೆ, ಸೌತೆ ಎಂದರೆ ಹಬ್ಬದೂಟ. ಶಿರಸಿ ಕಡೆ ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ನಿಧಾನ ಸೊರಗುವುದಕ್ಕೂ ಇದರದ್ದೊಂದು ಕೈ ಇದೆ. ಮೆಣಸಿನ ಕತೆ ಬೇರೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು. ಇಲ್ಲಿ ನಾನು ಕೇಳಹೊರಟಿದ್ದು ಒಂದೇ ಪ್ರಶ್ನೆ. ನನ್ನ ಗಿಡಗಳು ಇಷ್ಟು ಸುಲಭವಾಗಿ ಯಾಕೆ ಸೋತವು? ಟೊಮೆಟೊ ಬೇರಿಗೆ ತನ್ನನ್ನು ತಾನು ಕಾಯ್ದುಕೊಳ್ಳಲು ಬರುವುದಿಲ್ಲವೇ?

ಬರುತ್ತದೆ. ಚೆನ್ನಾಗೇ ಬರುತ್ತದೆ. ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇದು: ಸೋಲುವ ಟೊಮೆಟೊ ಬೇರಿನಲ್ಲೂ ಗೆಲ್ಲುವ ಟೊಮೆಟೊ ಬೇರಿನಲ್ಲೂ ಆಯುಧಗಳು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಹೊತ್ತಿನಲ್ಲಿ. ಒಂದು ಗಿಡ ಅರ್ಧ ದಿನದಲ್ಲಿ ಎಚ್ಚರಾಗುತ್ತದೆ, ಇನ್ನೊಂದು ಮೂರು ದಿನ ಮಲಗಿರುತ್ತದೆ. ನಮ್ಮ ಕರಾವಳಿಯ ಬಿಸಿ ಮಣ್ಣು ಬೇಗ ಏಳುವ ಗಿಡವನ್ನೂ ಮಲಗಿಸಿಬಿಡುತ್ತದೆ.

ಮೊದಲು ಹುಳು ಒಳಗೆ ಬರುವ ರೀತಿ ನೋಡಿ. ಮೊಟ್ಟೆಯಿಂದ ಹೊರಬಂದ ಮರಿ ಅರ್ಧ ಮಿಲಿಮೀಟರ್‌ಗಿಂತಲೂ ಕಡಿಮೆ ಉದ್ದ. ಬಾಯಲ್ಲಿ ಟೊಳ್ಳು ಸೂಜಿ. ಬೇರಿನ ತುದಿಯ ಹತ್ತಿರ ಚುಚ್ಚಿ, ಗೋಡೆ ಕರಗಿಸುವ ಕಿಣ್ವ ಬಿಟ್ಟು ಒಳಗೆ ನುಸುಳುತ್ತದೆ. ಈ ಕಿಣ್ವ ತಯಾರಿಸುವ ವಿದ್ಯೆಯನ್ನು ಅದರ ಪೂರ್ವಜರು ಬ್ಯಾಕ್ಟೀರಿಯಾಗಳ ಜೀನ್‌ಗಳಿಂದ ಪಡೆದುಕೊಂಡಿವೆ ಎನ್ನುವುದು ವಿಜ್ಞಾನಿಗಳ ಲೆಕ್ಕ. ಒಳಗೆ ಬಂದ ಮೇಲೆ ಅದು ಜೀವಕೋಶಗಳನ್ನು ಒಡೆಯುತ್ತಾ ನುಗ್ಗುವುದಿಲ್ಲ. ಎರಡು ಮನೆಗಳ ನಡುವಿನ ಸಂದಿಯಲ್ಲಿ ಅಡ್ಡಡ್ಡ ಸರಿದು ಹೋಗುವ ಕಳ್ಳನ ಹಾಗೆ ಕೋಶಗಳ ನಡುವೆ ಸಾಗುತ್ತದೆ. ಬೇರಿನ ತುದಿವರೆಗೆ ಹೋಗಿ, ಅಲ್ಲಿ ತಿರುಗಿ, ನೀರು ಮತ್ತು ಸಕ್ಕರೆ ಹರಿಯುವ ನಡುನಾಳದ ಪಕ್ಕ ಬಂದು ಕೂರುತ್ತದೆ. ಸದ್ದು ಕಡಿಮೆ, ಗಾಯ ಕಡಿಮೆ. ಗಿಡಕ್ಕೆ ಗೊತ್ತಾಗುವುದು ತಡವಾಗಲಿ ಅಂತಲೇ ಈ ಉಪಾಯ.

ಕೂತ ಮೇಲೆ ಐದಾರು ಕೋಶಗಳನ್ನು ಆರಿಸಿಕೊಂಡು ಅವಕ್ಕೆ ತನ್ನ ಜೊಲ್ಲು ಚುಚ್ಚುತ್ತದೆ. ಆ ಕೋಶಗಳ ಒಳಗಿನ ನ್ಯೂಕ್ಲಿಯಸ್ ಒಡೆಯುತ್ತಲೇ ಹೋಗುತ್ತದೆ, ಆದರೆ ಕೋಶ ಮಾತ್ರ ಎರಡಾಗುವುದಿಲ್ಲ. ಊದುತ್ತದೆ. ಒಂದೊಂದು ಕೋಶ ಮಾಮೂಲಿಗಿಂತ ನೂರಾರು ಪಟ್ಟು ದೊಡ್ಡದಾಗುತ್ತದೆ. ಇವು ದೈತ್ಯಕೋಶಗಳು. ಗಿಡದ ಊಟವೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಹುಳು ಆ ಜಾಗ ಬಿಟ್ಟು ಕದಲುವುದೇ ಇಲ್ಲ. ಸುತ್ತಲಿನ ಬೇರು ಉಬ್ಬಿ ಗಂಟಾಗುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಇಪ್ಪತ್ತೈದು ಮೂವತ್ತು ದಿನಕ್ಕೆ ಹೆಣ್ಣು ನೂರಾರು ಮೊಟ್ಟೆಗಳ ಲೋಳೆ ಗಂಟು ಹೊರಹಾಕುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಡುವ ಇನ್‌ಕಾಗ್ನಿಟಾ ಎಂಬ ಜಾತಿಗೆ ಗಂಡಿನ ಅಗತ್ಯವೂ ಇಲ್ಲ. ನಾಲ್ಕು ತಿಂಗಳ ಟೊಮೆಟೊ ಬೆಳೆಯಲ್ಲಿ ಎಷ್ಟು ತಲೆಮಾರು ಆಯಿತು ನೀವೇ ಲೆಕ್ಕ ಹಾಕಿ.

ಇನ್ನು ಗಿಡದ ಕಡೆ ಬರೋಣ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಏನಾಗುತ್ತದೆ? ಹತ್ತು ನಿಮಿಷಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಚಾಕು ತಾಗಿ ಕೋಶ ಒಡೆದಾಗ, ಬೇರೆ ಬೇರೆ ಕೋಣೆಯಲ್ಲಿದ್ದ ಎರಡು ವಸ್ತುಗಳು ಒಂದಕ್ಕೊಂದು ಸಿಗುತ್ತವೆ. ಒಂದು ಕ್ಲೋರೋಜೆನಿಕ್ ಆಮ್ಲದಂಥ ಫೀನಾಲ್. ಇನ್ನೊಂದು ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಗಾಳಿ ತಾಗಿ ಎರಡೂ ಸೇರಿದರೆ ಕ್ವಿನೋನ್ ಎಂಬ ಖಾರವಾದ ವಸ್ತು ಹುಟ್ಟುತ್ತದೆ, ಅದು ಕಂದಾಗುತ್ತದೆ. ನಮಗೆ ಪಲ್ಯದ ಬಣ್ಣ ಕೆಟ್ಟಿತು ಅಷ್ಟೇ. ಸಣ್ಣ ಜೀವಿಗಳಿಗೆ ಅದು ವಿಷ. ಬದನೆಯ ನೆಂಟನೇ ಆದ ಟೊಮೆಟೊ ಬೇರಿನಲ್ಲೂ ಇದೇ ಅಡುಗೆ ನಡೆಯುತ್ತದೆ. ಹುಳುವನ್ನು ತಡೆದ ಬೇರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಳುವಿನ ತಲೆಯ ಸುತ್ತ ಸಣ್ಣದೊಂದು ಕಂದು ಕಲೆ ಕಾಣುತ್ತದೆ.

ಆ ಕಲೆಗೆ ಮುಂಚೆ ಒಂದು ಸ್ಫೋಟ ಆಗಿರುತ್ತದೆ. ಹುಳುವಿನ ಸುಳಿವು ಸಿಕ್ಕ ಕೂಡಲೇ ಕೋಶಗಳು ಹೈಡ್ರೋಜನ್ ಪೆರಾಕ್ಸೈಡ್ ಉಕ್ಕಿಸುತ್ತವೆ. ಗಾಯ ತೊಳೆಯಲು ಹಾಕಿದಾಗ ಬುಸುಬುಸು ನೊರೆ ಬರುತ್ತದಲ್ಲ, ಅದೇ ಮದ್ದು. ಇದು ಹುಳುವಿಗೂ ಉರಿ, ಗಿಡಕ್ಕೂ ಉರಿ. ಹಾಗಾಗಿ ಬೆಂಕಿ ಹಚ್ಚುವವರು, ಆರಿಸುವವರು ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಇಳಿಯುತ್ತಾರೆ. ಪೆರಾಕ್ಸಿಡೇಸ್ ಎಂಬ ಕಿಣ್ವ ಈ ಪೆರಾಕ್ಸೈಡನ್ನೇ ಬಳಸಿ ಫೀನಾಲ್‌ಗಳನ್ನು ಹೆಣೆದು ಲಿಗ್ನಿನ್ ಮಾಡುತ್ತದೆ. ಮರಕ್ಕೆ ಮರದ ಗಟ್ಟಿತನ ಕೊಡುವ ವಸ್ತು ಅದು. ಎಳೆ ಬೇರಿನ ಕೋಶದ ಗೋಡೆ ಅಷ್ಟರಮಟ್ಟಿಗೆ ಕಟ್ಟಿಗೆಯಾಗುತ್ತದೆ. ಸೂಜಿ ಇಳಿಯುವುದು ಕಷ್ಟವಾಗುತ್ತದೆ. ಕೆಟಲೇಸ್ ಎಂಬ ಇನ್ನೊಂದು ಕಿಣ್ವ ಉಳಿದ ಉರಿಯನ್ನು ತಣ್ಣಗೆ ಮಾಡುತ್ತದೆ.

ಇಷ್ಟೆಲ್ಲ ಫೀನಾಲ್ ಎಲ್ಲಿಂದ ಬಂತು? ಅದರ ಹೆಬ್ಬಾಗಿಲು ಫಿನೈಲ್‌ಅಲನಿನ್ ಅಮೋನಿಯಾ ಲಯೇಸ್ ಎಂಬ ಕಿಣ್ವ. ಹೆಸರು ದೊಡ್ಡದು, ಸಂಶೋಧಕರು 'ಪಾಲ್' ಎಂದು ಮುಗಿಸುತ್ತಾರೆ. ಪ್ರೋಟೀನು ಕಟ್ಟಲು ಬಳಸುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಇದು ರಕ್ಷಣೆಯ ಕಡೆಗೆ ತಿರುಗಿಸುತ್ತದೆ. ಅಲ್ಲಿಂದ ಕವಲೊಡೆದು ಲಿಗ್ನಿನ್, ಫೀನಾಲ್‌ಗಳು, ಸ್ವಲ್ಪ ಮಟ್ಟಿಗೆ ಸ್ಯಾಲಿಸಿಲಿಕ್ ಆಮ್ಲ ಎಲ್ಲ ಹುಟ್ಟುತ್ತವೆ. ಸ್ಯಾಲಿಸಿಲಿಕ್ ಆಮ್ಲ ಎಂದರೆ ಆಸ್ಪಿರಿನ್ ಮಾತ್ರೆಯ ಹತ್ತಿರದ ನೆಂಟ. ಗಿಡದೊಳಗೆ ಅದು ಡಂಗುರ ಸಾರುವವನ ಕೆಲಸ ಮಾಡುತ್ತದೆ. ಇದರ ಇನ್ನೊಂದು ರೂಪ ಗಾಳಿಗೆ ಹಾರುತ್ತದೆ. ನೋವಿನ ಮುಲಾಮು ಹಚ್ಚಿಕೊಂಡಾಗ ಮೂಗಿಗೆ ಬಡಿಯುವ ವಾಸನೆ ಅದರದ್ದೇ. ಡಂಗುರ ಕೇಳಿದ ಕೋಶಗಳು ಕೈಟಿನೇಸ್, ಗ್ಲೂಕನೇಸ್ ಮುಂತಾದ ಪ್ರೋಟೀನು ತಯಾರಿಸುತ್ತವೆ. ಜಾಜಿ ಹೂವಿನ ಎಣ್ಣೆಯಲ್ಲಿ 1962ರಲ್ಲಿ ಮೊದಲು ಸಿಕ್ಕ ಜಾಸ್ಮೋನೇಟ್ ಎಂಬುದು ಇನ್ನೊಬ್ಬ ಡಂಗುರದವನು. ಅದರ ಕೂಗಿಗೆ ಗಿಡ ಹುಳುವಿನ ಜೀರ್ಣಶಕ್ತಿ ಕೆಡಿಸುವ ವಸ್ತುಗಳನ್ನು ಮಾಡುತ್ತದೆ. ಇಬ್ಬರ ನಡುವೆ ಒಮ್ಮೊಮ್ಮೆ ಜಗಳವೂ ಉಂಟು. ಒಬ್ಬನ ದನಿ ಏರಿದರೆ ಇನ್ನೊಬ್ಬನದು ಇಳಿಯುತ್ತದೆ.

ಹುಳುವೂ ಸುಮ್ಮನೆ ಕೂತಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ತಂದಿದ್ದು ಇದರ ಒಂದು ಆಟ. ಗಿಡದಲ್ಲಿ ಫಿನೈಲ್‌ಅಲನಿನ್ ಆಗಲಿ ಸ್ಯಾಲಿಸಿಲಿಕ್ ಆಮ್ಲವಾಗಲಿ ಆಗಬೇಕಾದರೆ ಕೋರಿಸ್ಮೇಟ್ ಎಂಬ ಮೂಲವಸ್ತು ಬೇಕು. ಹುಳು ತನ್ನ ಜೊಲ್ಲಿನಲ್ಲಿ ಕೋರಿಸ್ಮೇಟ್ ಮ್ಯೂಟೇಸ್ ಎಂಬ ಕಿಣ್ವವನ್ನೇ ಚುಚ್ಚುತ್ತದೆ. ಅದು ಕೋರಿಸ್ಮೇಟನ್ನು ಬೇರೆ ದಾರಿಗೆ ತಿರುಗಿಸಿ ಸ್ಯಾಲಿಸಿಲಿಕ್ ಆಮ್ಲಕ್ಕೆ ಸಿಗದಂತೆ ಮಾಡುತ್ತದೆ ಎಂದು ಸಂಶೋಧಕರು ಭಾವಿಸುತ್ತಾರೆ. ಮೇಲ್ತೋಟದವನು ರಾತ್ರೋರಾತ್ರಿ ಕಾಲುವೆಗೆ ಮಣ್ಣು ಕೊಟ್ಟು ನೀರನ್ನು ತನ್ನ ಕಡೆ ಕಟ್ಟಿಕೊಂಡ ಹಾಗೆ. ಕೆಳಗಿನವನು ಬೆಳಿಗ್ಗೆ ಎದ್ದು ನೋಡಿದರೆ ಕಾಲುವೆ ಒಣ.

ಹಾಗಾದರೆ ಗೆಲ್ಲುವ ಗಿಡ ಏನು ಮಾಡುತ್ತದೆ? ಇಲ್ಲಿ ಎಮ್‌ಐ-1 ಎಂಬ ಜೀನ್‌ನ ಕತೆ ಬರುತ್ತದೆ. ಇದು ನಾವು ತಿನ್ನುವ ಟೊಮೆಟೊದ್ದಲ್ಲ. ಪೆರು ದೇಶದ ಕಾಡು ಟೊಮೆಟೊದ್ದು. 1940ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಇವೆರಡನ್ನೂ ಕೂಡಿಸಲು ನೋಡಿದರು. ಬೀಜ ಕಟ್ಟಲಿಲ್ಲ. ಕೊನೆಗೆ ಎಳೆ ಭ್ರೂಣವನ್ನೇ ತೆಗೆದು ಗಾಜಿನೊಳಗೆ ಸಾಕಿದರು. 1944ರಲ್ಲಿ ಅದು ವರದಿಯಾಯಿತು. ಇವತ್ತು ಜಗತ್ತಿನ ಅಂಗಡಿಗಳಲ್ಲಿ ಸಿಗುವ ಜಂತುಹುಳು ನಿರೋಧಕ ಟೊಮೆಟೊಗಳ ಎಮ್‌ಐ ಜೀನ್ ಆ ಒಂದೇ ಕೂಡಿಕೆಯಿಂದ ಹರಿದುಬಂದದ್ದು. ಜೀನ್ ನಿಖರವಾಗಿ ಯಾವುದು ಎಂದು ಗುರುತಿಸಿ ಬೇರ್ಪಡಿಸಿದ್ದು 1998ರಲ್ಲಿ. ಅದೇ ಜೀನ್ ರಸ ಹೀರುವ ಒಂದು ಜಾತಿಯ ಗಿಡಹೇನು ಮತ್ತು ಬಿಳಿನೊಣದ ವಿರುದ್ಧವೂ ಕೆಲಸ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಒಂದು ನಾಯಿ, ಮೂರು ಕಳ್ಳರು.

ಈ ಜೀನ್ ಇರುವ ಗಿಡ ಹುಳುವನ್ನು ಬಾಗಿಲಲ್ಲೇ ತಡೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಹುಳು ಎರಡೂ ತರದ ಗಿಡದೊಳಗೆ ಬರುತ್ತದೆ. ವ್ಯತ್ಯಾಸ ಶುರುವಾಗುವುದು ಅದು ಕೂತು ಊಟಕ್ಕೆ ಬಾಯಿ ಹಾಕಿದಾಗ. ಎಮ್‌ಐ ಇರುವ ಬೇರಿನಲ್ಲಿ ಸುಮಾರು ಹನ್ನೆರಡು ತಾಸಿನಿಂದ ಒಂದು ದಿನದೊಳಗೆ ಹುಳುವಿನ ತಲೆಯ ಸುತ್ತಲಿನ ಕೋಶಗಳು ತಾವಾಗಿಯೇ ಸತ್ತುಬಿಡುತ್ತವೆ. ಊಟ ಸಿಗದ ಹುಳು ಅಲ್ಲೇ ಸೊರಗುತ್ತದೆ, ಇಲ್ಲವೇ ಜಾಗ ಬಿಡುತ್ತದೆ. ನಾಲ್ಕು ಕೋಶ ಕೊಟ್ಟು ಬೇರು ಉಳಿಸಿಕೊಂಡಂತೆ. ಜೀನ್ ಇಲ್ಲದ ಗಿಡದಲ್ಲಿ ಪೆರಾಕ್ಸಿಡೇಸ್, ಪಾಲ್ ಎಲ್ಲ ಇದ್ದರೂ ಏಳುವುದು ತಡ, ಏರುವುದೂ ಕಡಿಮೆ. ಅಷ್ಟರಲ್ಲಿ ದೈತ್ಯಕೋಶ ಕಟ್ಟಿ ಆಗಿರುತ್ತದೆ. ಆಮೇಲೆ ಎಷ್ಟು ಕಿಣ್ವ ಏರಿದರೂ ಕಳ್ಳ ಊಟ ಮುಗಿಸಿದ ಮೇಲೆ ಬಾಗಿಲಿಗೆ ಚಿಲಕ ಹಾಕಿದ ಲೆಕ್ಕ.

ಇಲ್ಲಿಯವರೆಗೆ ಎಲ್ಲ ಸರಿ. ಹಾಗಾದರೆ ಎಮ್‌ಐ ಇರುವ ಬೀಜ ತಂದು ಹಾಕಿದರೆ ಮುಗಿಯಿತಲ್ಲ? ತೊಡಕು ಇರುವುದು ಇಲ್ಲೇ. ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಜೀನ್ ಮಂಕಾಗುತ್ತದೆ. 33ರ ಸುತ್ತಮುತ್ತ ಬಹುಪಾಲು ಕೈಕೊಡುತ್ತದೆ ಎಂದು 1960ರ ದಶಕದಲ್ಲೇ ಕಂಡುಕೊಂಡಿದ್ದಾರೆ. ಅದರಲ್ಲೂ ಹುಳು ಒಳಹೊಕ್ಕ ಮೊದಲ ಎರಡು ಮೂರು ದಿನದ ಬಿಸಿಯೇ ನಿರ್ಣಾಯಕ. ಆ ದಿನಗಳಲ್ಲಿ ಮಣ್ಣು ತಂಪಾಗಿದ್ದರೆ ಆಮೇಲೆ ಕಾದರೂ ಅಷ್ಟು ತೊಂದರೆ ಇಲ್ಲ. ಎಲ್ಲ ತಳಿಯೂ ಒಂದೇ ಸಮನೆ ಸೋಲುತ್ತದೆ ಅಂತಲ್ಲ, ಕೆಲವು ಅರ್ಧಂಬರ್ಧ ಹಿಡಿದುಕೊಳ್ಳುತ್ತವೆ. ಆದರೂ ಫೆಬ್ರವರಿ ಕಳೆದ ಮೇಲೆ ನಮ್ಮ ಕರಾವಳಿಯ ಬೋಳು ಮರಳಿನ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಡೆದು ನೋಡಿ, ಗೊತ್ತಾಗುತ್ತದೆ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ಮಾತು ಬೇರೆ. ಅದು ಸಮುದ್ರದಿಂದ ಸುಮಾರು ಆರುನೂರು ಮೀಟರ್ ಎತ್ತರ, ಚಳಿಗಾಲದ ರಾತ್ರಿ ಹೊದಿಕೆ ಬೇಕು. ಒಂದೇ ಬೀಜದ ಪೊಟ್ಟಣ ಅಲ್ಲಿ ಒಂದು ತರ, ಇಲ್ಲಿ ಒಂದು ತರ. ಪೊಟ್ಟಣದ ಮೇಲೆ 'ಜಂತುಹುಳು ನಿರೋಧಕ' ಎಂದು ಬರೆಯುವವರು ಈ 28ರ ಅಂಕಿಯನ್ನೂ ಬರೆಯಬೇಕು ಅಂತ ನನ್ನ ವಾದ.

ಇನ್ನೊಂದು ಮಿತಿಯೂ ಇದೆ. ಎಮ್‌ಐ ಮೂರು ಮುಖ್ಯ ಜಾತಿಯ ಹುಳುಗಳನ್ನಷ್ಟೇ ಗುರುತಿಸುತ್ತದೆ. ತಮಿಳುನಾಡಿನ ಪೇರಲೆ ತೋಟಗಳನ್ನು ಹಾಳು ಮಾಡಿದ ಎಂಟೆರೊಲೊಬಿ ಎಂಬ ಜಾತಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆ ಹುಳು ಪೇರಲೆ ಸಸಿಯ ಬೇರಿನ ಮಣ್ಣಿನ ಜೊತೆ ಊರಿಂದೂರಿಗೆ ಹೋಗುತ್ತದೆ. ಹೊರಗಿನ ನರ್ಸರಿಯಿಂದ ದೊಡ್ಡ ಹಣ್ಣಿನ ಪೇರಲೆ ತರಿಸುವ ಹುಮ್ಮಸ್ಸು ನಮ್ಮಲ್ಲೂ ಇದೆ. ತರುವ ಮುಂಚೆ ಒಮ್ಮೆ ಬುಡ ಬಿಡಿಸಿ ನೋಡುವುದು ಒಳ್ಳೆಯದು. ಇನ್ನು ಎಮ್‌ಐ ಟೊಮೆಟೊವನ್ನೇ ಒಂದೇ ಜಾಗದಲ್ಲಿ ವರ್ಷ ವರ್ಷ ಹಾಕಿದರೆ, ಅದನ್ನು ಮೀರಿದ ಹುಳುಗಳೇ ಉಳಿದು ಬೆಳೆಯುತ್ತವೆ. ಕ್ಯಾಲಿಫೋರ್ನಿಯಾ, ಸ್ಪೇನ್‌ಗಳಲ್ಲಿ ಇದು ಆಗಿಹೋಗಿದೆ.

ನನ್ನ ಗಿಡಗಳಿಗೆ ಮರಳೋಣ. ಬೇರಿನಲ್ಲಿ ಗಂಟು ಕಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಅಂಗಡಿಗೆ ಓಡಿದ್ದು. ಅಲ್ಲಿ ಕೈಗೆ ಸಿಕ್ಕಿದ್ದು 'ಗಿಡದ ಇಮ್ಯೂನಿಟಿ ಬೂಸ್ಟರ್' ಎಂಬ ಬಾಟಲಿ. ಕೋವಿಡ್ ಆದ ಮೇಲೆ ಈ ಶಬ್ದ ಮನುಷ್ಯರಿಂದ ಗಿಡಗಳಿಗೂ ಹರಡಿದೆ. ಬೆಲೆ ಟೊಮೆಟೊಗಿಂತ ದುಬಾರಿ. ಪೆರಾಕ್ಸಿಡೇಸ್, ಫೀನಾಲ್ ಇಷ್ಟು ಏರುತ್ತದೆ ಅಂತ ಚೀಟಿಯಲ್ಲಿ ಬರೆದಿತ್ತು. ಸುಳ್ಳು ಅಂತ ಹೇಳಲಾರೆ. ಸ್ಯಾಲಿಸಿಲಿಕ್ ಆಮ್ಲ, ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಕೆಲವು ಸೂಕ್ಷ್ಮಾಣುಗಳನ್ನು ಕೊಟ್ಟಾಗ ಈ ಕಿಣ್ವಗಳು ಏರುವುದನ್ನು ಪ್ರಯೋಗಗಳಲ್ಲಿ ಮತ್ತೆ ಮತ್ತೆ ನೋಡಿದ್ದಾರೆ. ಆದರೆ ಕಿಣ್ವ ಏರುವುದು ಬೇರೆ, ಗಂಟು ಕಡಿಮೆಯಾಗುವುದು ಬೇರೆ. ಪೆರಾಕ್ಸಿಡೇಸ್ ಎಂಬುದು ಗಿಡಕ್ಕೆ ಬಿಸಿಲು ಬಡಿದರೂ ಏರುತ್ತದೆ, ಉಪ್ಪುನೀರು ತಾಗಿದರೂ ಏರುತ್ತದೆ, ಎಲೆ ಹರಿದರೂ ಏರುತ್ತದೆ. ಜ್ವರ ಬಂದಿದೆ ಅಂದರೆ ದೇಹ ಹೋರಾಡುತ್ತಿದೆ ಅಂತ, ಗೆದ್ದಿದೆ ಅಂತಲ್ಲ. ಕುಂಡದಲ್ಲಿ ಮಾಡಿದ ಪ್ರಯೋಗದ ಅಂಕಿ ಓದುವಾಗ ನಾನು ಈಗ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮದ್ದು ಕೊಟ್ಟದ್ದು ಹುಳು ಬರುವ ಮುಂಚೆಯೋ ಆಮೇಲೋ? ಕೊನೆಗೆ ಬೇರಿನ ಗಂಟು ಮತ್ತು ಮೊಟ್ಟೆ ಎಣಿಸಿದರೋ ಇಲ್ಲವೋ?

ನನ್ನ ಬಾಟಲಿ ಬಿದ್ದದ್ದು ಗಂಟಾದ ಮೇಲೆ. ಏನೂ ಆಗಲಿಲ್ಲ. ಆಗುವ ಹಾಗೂ ಇರಲಿಲ್ಲ.

ಮುಂಚೆ ಕೊಟ್ಟರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಟ್ರೈಕೋಡರ್ಮಾ, ಸುಡೋಮೊನಾಸ್ ಮುಂತಾದ ಒಳ್ಳೆಯ ಸೂಕ್ಷ್ಮಾಣುಗಳನ್ನು ಸಸಿಯ ಟ್ರೇಯಲ್ಲೇ ಬೇರಿಗೆ ಹಿಡಿಸಿದರೆ, ಬೇರು ಅರೆ ಎಚ್ಚರದಲ್ಲಿರುತ್ತದೆ. ಹುಳು ಬಂದಾಗ ಪಾಲ್, ಪೆರಾಕ್ಸಿಡೇಸ್ ಬೇಗ ಏಳುತ್ತವೆ. ನಾಯಿ ಬೊಗಳದಿದ್ದರೂ ಕಿವಿ ನೆಟ್ಟಗೆ ಇಟ್ಟುಕೊಂಡ ಹಾಗೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಜಂತುಹುಳುಗಳಿಗೆಂದೇ ಇಂಥ ಜೈವಿಕ ಪುಡಿಗಳನ್ನು ತಯಾರಿಸಿದೆ. ಬೇವಿನ ಹಿಂಡಿ ಮತ್ತು ಕಳಿತ ಸಗಣಿ ಗೊಬ್ಬರದ ಜೊತೆ ಅವನ್ನು ಬೆಳೆಸಿ ಸಾಲಿಗೆ ಹಾಕುವುದು ಪದ್ಧತಿ. ಹುಳುವಿನ ಮೊಟ್ಟೆ ತಿನ್ನುವ ಶಿಲೀಂಧ್ರಗಳೂ ಅದರಲ್ಲಿವೆ. ಇವು ಕೆಲಸ ಮಾಡುತ್ತವೆ, ಆದರೆ ಹುಳು ಕಡಿಮೆ ಇದ್ದಾಗ, ಸಸಿ ಶುದ್ಧವಾಗಿದ್ದಾಗ.

ನನ್ನ ಸಸಿ ಶುದ್ಧವಾಗಿರಲಿಲ್ಲ. ಅದು ಗೊತ್ತಾಗಿದ್ದು ಆಕಸ್ಮಿಕ. ನೆಡಲು ಜಾಗ ಸಾಲದೆ ನಾಲ್ಕು ಸಸಿಗಳನ್ನು ಹೊಸ ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ಇಟ್ಟಿದ್ದೆ. ಅವುಗಳ ಬೇರಿನಲ್ಲೂ ಗಂಟು. ಅಂದರೆ ಹುಳು ನನ್ನ ನೆಲದಲ್ಲಿ ಎಷ್ಟಿತ್ತೋ, ಸಸಿಯ ಜೊತೆಗೂ ಬಂದಿತ್ತು. ಮಾರಿದವನನ್ನು ಕೇಳಿದೆ. ತೋಟದ ಮಣ್ಣು ಸ್ವಲ್ಪ ಬೆರೆಸಿದ್ದೆ, ಗೊಬ್ಬರ ಉಳಿಯುತ್ತದೆ ಅಂತ, ಎಂದ. ಸಿಟ್ಟು ಬಂತು. ಆದರೆ ಸಸಿ ಕೊಳ್ಳುವಾಗ ಒಂದನ್ನೂ ಎಳೆದು ಬೇರು ನೋಡದೆ ಎಲೆಯ ಹಸಿರು ನೋಡಿ ದುಡ್ಡು ಕೊಟ್ಟವನು ನಾನೇ.

ಹಿಂದೆ ಇಂಥ ಹೊತ್ತಿನಲ್ಲಿ ಫೋರೇಟ್ ಹರಳು ಉದುರಿಸುತ್ತಿದ್ದರು. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದಕ್ಕೆ ನಿಷೇಧ. ಒಳ್ಳೆಯದೇ ಆಯಿತು. ನಮ್ಮ ಮರಳು ನೆಲದಲ್ಲಿ ಮೇಲೆ ಹಾಕಿದ್ದು ಬಾವಿಗೆ ಇಳಿಯಲು ಒಂದು ಮಳೆಗಾಲ ಸಾಕು. ಕಾರವಾರ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ಬಾವಿ ನೀರು ಕೈಗೆಟುಕುವಷ್ಟು ಮೇಲಿರುತ್ತದೆ. ಹೊಸ ರಾಸಾಯನಿಕಗಳು ಬಂದಿವೆ, ಅವು ಹಳೆಯವಷ್ಟು ಭಯಂಕರವಲ್ಲ. ಆದರೂ ಹಿತ್ತಲಿನ ಅರವತ್ತು ಗಿಡಕ್ಕೆ ಅವನ್ನು ತರುವುದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಜನ ಇದರಲ್ಲಿ ತಪ್ಪುತ್ತಾರೆ. ಗಿಡ ಮಧ್ಯಾಹ್ನ ಬಾಡಿ ಸಂಜೆ ಎದ್ದರೆ ಹುಳುವಿನ ಅನುಮಾನ. ಹಸಿರಾಗಿದ್ದಂತೆಯೇ ಎರಡು ದಿನದಲ್ಲಿ ಪೂರ್ತಿ ಕುಸಿದರೆ ಅದು ಬ್ಯಾಕ್ಟೀರಿಯಾ ಸೊರಗು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ. ಹಾಲಿನ ಎಳೆಯಂತೆ ಬಿಳಿ ದಾರ ಇಳಿದರೆ ಅದೇ. ನಮ್ಮ ಹುಳಿ ಮಣ್ಣಿನಲ್ಲಿ ಎರಡೂ ಒಟ್ಟಿಗೆ ಬರುವುದುಂಟು. ಹುಳು ಮಾಡಿದ ಗಾಯ ಬ್ಯಾಕ್ಟೀರಿಯಾಕ್ಕೆ ಬಾಗಿಲು. ಸುಂಡೆಕಾಯಿ ಗಿಡದ ಬೇರು ಇವೆರಡನ್ನೂ ಚೆನ್ನಾಗಿ ತಡೆಯುತ್ತದೆ. ಅದಕ್ಕೇ ಬದನೆ ಜಾತಿಯ ಬೇರಿಗೆ ಟೊಮೆಟೊ ಕಸಿ ಕಟ್ಟುವ ಕೆಲಸ ಹಲವು ಕಡೆ ನಡೆಯುತ್ತಿದೆ. ಹೊಂದಾಣಿಕೆ ಎಲ್ಲ ತಳಿಗೂ ಒಂದೇ ಸಮ ಇರುವುದಿಲ್ಲ, ಆದರೆ ಬೇಲಿಯಲ್ಲಿ ಪುಕ್ಕಟೆ ಬೆಳೆಯುವ ಗಿಡ, ಮಾಡಿ ನೋಡಲು ಖರ್ಚಿಲ್ಲ. ಶೇಂಗಾ, ಅಲಸಂದೆಯ ಬೇರಿನ ಗಂಟು ನೋಡಿ ಹೆದರುವವರೂ ಇದ್ದಾರೆ. ಅದು ಬೇರೆ. ಬೆರಳಿನಲ್ಲಿ ಉಜ್ಜಿದರೆ ಉದುರುತ್ತದೆ, ಒಡೆದರೆ ಒಳಗೆ ಗುಲಾಬಿ ಬಣ್ಣ. ಗಾಳಿಯ ಸಾರಜನಕ ಹಿಡಿಯುವ ಒಳ್ಳೆಯ ಗಂಟು ಅದು. ಹುಳುವಿನ ಗಂಟು ಬೇರಿನದೇ ಭಾಗವಾಗಿರುತ್ತದೆ, ಉದುರುವುದಿಲ್ಲ.

ಎರಡನೇ ವರ್ಷ ನಾನು ಲೆಕ್ಕ ಹಾಕಿದ್ದು ಹೀಗೆ. ಗಿಡಕ್ಕೆ ಬೇಕಾಗಿರುವುದು ಹೊತ್ತು. ಹುಳು ಕಡಿಮೆ ಇದ್ದರೆ ಹೊತ್ತು ಸಿಗುತ್ತದೆ. ಮಣ್ಣು ತಂಪಿದ್ದರೆ ಹೊತ್ತು ಸಿಗುತ್ತದೆ. ಮಣ್ಣು ತಂಪು ಮಾಡುವ ವಸ್ತು ನಮ್ಮ ಜಿಲ್ಲೆಯಲ್ಲಿ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ದರಕು. ಬೆಟ್ಟದ ಒಣ ಎಲೆ ಗುಡಿಸಿ ತಂದು ತೋಟಕ್ಕೆ ಹಾಸುವುದು ಘಟ್ಟದ ಮೇಲೂ ಕೆಳಗೂ ಎಷ್ಟೋ ಕಾಲದ ರೂಢಿ. ಅಕ್ಟೋಬರ್ ಕೊನೆಗೆ ಸಸಿ ನೆಟ್ಟು ಅಂಗೈ ದಪ್ಪ ದರಕು 
 ಹಾಸಿದೆ. ಅಡುಗೆಮನೆಯ ಥರ್ಮಾಮೀಟರ್ ಕದ್ದು ತಂದು ಬೆರಳುದ್ದ ಆಳಕ್ಕೆ ಚುಚ್ಚಿ ನೋಡುತ್ತಿದ್ದೆ. ಬೋಳು ನೆಲದಲ್ಲಿ ಮಧ್ಯಾಹ್ನ 28 ಎಂಬ ಗೆರೆ ಯಾವಾಗಲೋ ದಾಟಿರುತ್ತಿತ್ತು. ದರಕಿನ ಅಡಿ ಬಹಳ ದಿನ ಗೆರೆಯ ಆಚೀಚೆಯೇ ಆಡುತ್ತಿತ್ತು. ಎಲೆ ಕೊಳೆತಂತೆ ಹುಳುವನ್ನು ತಿನ್ನುವ ಜೀವಿಗಳೂ ಬೆಳೆಯುತ್ತವೆ, ಅದು ಬಡ್ಡಿ.

ಶೆಟ್ಲಿ ಸಿಪ್ಪೆಯನ್ನೂ ಹಾಕಿ ನೋಡಿದೆ. ಸಿಗಡಿ, ಏಡಿಯ ಚಿಪ್ಪಿನಲ್ಲಿ ಇರುವ ಕೈಟಿನ್ ಎಂಬ ವಸ್ತುವೇ ಜಂತುಹುಳುವಿನ ಮೊಟ್ಟೆಯ ಕವಚದಲ್ಲೂ ಇದೆ. ಮಣ್ಣಿಗೆ ಚಿಪ್ಪು ಹಾಕಿದರೆ ಅದನ್ನು ಕರಗಿಸುವ ಸೂಕ್ಷ್ಮಾಣುಗಳು ಹೆಚ್ಚುತ್ತವೆ, ಅವು ಮೊಟ್ಟೆಗೂ ಬಾಯಿ ಹಾಕುತ್ತವೆ. ಡಂಗುರ ಕೇಳಿದ ಕೋಶಗಳು ಕೈಟಿನೇಸ್ ತಯಾರಿಸುತ್ತವೆ ಎಂದು ಆಗಲೇ ಹೇಳಿದೆನಲ್ಲ, ಅದೂ ಕೈಟಿನ್ ಕರಗಿಸುವ ಕಿಣ್ವವೇ. ಆದರೆ ಜಾಸ್ತಿ ಹಾಕಿದರೆ ಅಮೋನಿಯಾ ಎದ್ದು ಸಸಿಯೇ ಸುಡುತ್ತದೆ. ಮೊದಲೇ ಹಾಕಿ ವಾರಗಟ್ಟಲೆ ಬಿಡಬೇಕು. ಊರಿನ ಬೆಕ್ಕುಗಳನ್ನು ಸಂಭಾಳಿಸುವುದು ನಿಮ್ಮ ಪಾಡು. ಗೊಂಡೆ ಹೂವಿನ ವಿಷಯವೂ ಹೀಗೆಯೇ. ಅದರ ಬೇರಿನಲ್ಲಿರುವ ಟರ್ಥೈನೈಲ್ ಎಂಬ ವಸ್ತು ಹುಳುವಿಗೆ ವಿಷ. ಆದರೆ ಟೊಮೆಟೊ ಸಾಲಿನ ಕೊನೆಗೆ ಅಂದಕ್ಕೆ ನಾಲ್ಕು ಗೊಂಡೆ ನೆಟ್ಟರೆ ಏನೂ ಆಗದು. ಆ ಮಡಿಯ ತುಂಬ ಎರಡು ಮೂರು ತಿಂಗಳು ಗೊಂಡೆಯೇ ಇರಬೇಕು. ದೀಪಾವಳಿಗೆ ಹೂ ಮಾರಿ, ಆಮೇಲೆ ತರಕಾರಿ.

ಅಜ್ಜಿಗೆ ಈ ಕಿಣ್ವ, ಜೀನ್ ಎಲ್ಲ ಹೇಳಲು ಹೋದೆ. ಅವಳು ಕೇಳಿದ್ದು ಒಂದೇ ಮಾತು. "ನೀ ಗದ್ದೆ ಬಿಟ್ಟು ಹಿತ್ತಲಲ್ಲೇ ಯಾಕೆ ಹಾಕ್ತೆ?" ಅವರ ಮನೆಯಲ್ಲಿ ಹರಿವೆ, ಮೂಲಂಗಿ, ಬದನೆ, ಮೆಣಸು ಎಲ್ಲ ಬೆಳೆಯುವುದು ಭತ್ತ ಕೊಯ್ದ ಗದ್ದೆಯಲ್ಲಿ. ಮಳೆಗಾಲ ಪೂರ್ತಿ ಗದ್ದೆಯಲ್ಲಿ ನೀರು ನಿಂತಿರುತ್ತದೆ. ತಿಂಗಳುಗಟ್ಟಲೆ ಗಾಳಿ ಇಲ್ಲದ ಕೆಸರಿನಲ್ಲಿ ಟೊಮೆಟೊ ಬೇರಿನ ಹುಳು ಉಳಿಯುವುದು ಕಷ್ಟ. ಭತ್ತಕ್ಕೆ ಬೇರೆಯೇ ಜಾತಿಯ ಬೇರುಗಂಟು ಹುಳು ಇದೆ, ಆದರೆ ನಮ್ಮ ಇನ್‌ಕಾಗ್ನಿಟಾಕ್ಕೆ ಅದು ಉಪವಾಸದ ಕಾಲ. ಆಮೇಲೆ ಕೆಲವರು ಶೇಂಗಾ ಹಾಕುತ್ತಾರೆ. ಇನ್‌ಕಾಗ್ನಿಟಾ ಶೇಂಗಾ ಬೇರಿನಲ್ಲಿ ಬೆಳೆಯಲಾರದು. ಯಾರೂ ಹುಳುವಿನ ಹೆಸರು ಹೇಳದೆಯೇ ಈ ಸರದಿ ನಡೆದುಬಂದಿತ್ತು. ಈಗ ಆಳು ಸಿಗದೆ ಗದ್ದೆ ಹಡಿಲು ಬಿದ್ದಿವೆ. ತರಕಾರಿ ಹಿತ್ತಲಿಗೆ, ಬಲೆಮನೆಗೆ, ಚೀಲಗಳಿಗೆ ಬಂದಿದೆ. ಅಲ್ಲಿ ನೀರು ನಿಲ್ಲುವುದಿಲ್ಲ, ಬೆಳೆ ಬದಲಾಗುವುದಿಲ್ಲ, ಮಣ್ಣು ಬೆಚ್ಚಗೆ ಇರುತ್ತದೆ. ಹುಳುವಿಗೆ ವರ್ಷವಿಡೀ ಬಾಡಿಗೆ ಇಲ್ಲದ ಮನೆ.

ಕಳೆದ ಫೆಬ್ರವರಿಯಲ್ಲಿ ಕೊನೆಯ ಹಣ್ಣು ಬಿಡಿಸಿ ಗಿಡಗಳನ್ನು ಕಿತ್ತೆ. ಬೇರು ತೊಳೆದು ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ದರಕು ಗಾಳಿಗೆ ಹಾರಿಹೋಗಿದ್ದ ಮೂಲೆಯ ಗಿಡಗಳಲ್ಲಿ ಗಂಟು ಧಾರಾಳವಾಗಿತ್ತು. ಉಳಿದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಗಂಟಿನ ಬೇರುಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಒಲೆಗೆ ಹಾಕಿದೆ. ಅಜ್ಜಿ ಬೇಲಿ ದಾಟಿ ಬಂದು ಒಂದು ಬೇರನ್ನು ಎತ್ತಿ, ಕಣ್ಣ ಹತ್ತಿರ ಹಿಡಿದು, ತಿರುಗಿಸಿ ನೋಡಿದಳು.

"ಅಡ್ಡಿಲ್ಲ," ಅಂದಳು. "ಬರೋ ವರ್ಷ ಇಲ್ಲಿ ಟೊಮೆಟೊ ಬೇಡ. ಶೇಂಗಾ ಬೀಜ ನಾ ಕೊಡ್ತೆ."